ಕೊನೆಯ ನಲ್ಲಿಯಲ್ಲಿ ನೋಡಲು ಯಾರೂ ಹೇಳಿರಲಿಲ್ಲ

ಊರಿನಲ್ಲಿ ವಾಂತಿಭೇದಿ ಕಾಣಿಸಿಕೊಂಡರೆ ಎಲ್ಲರೂ ಮೊದಲು ಬೆರಳು ತೋರಿಸುವುದು ನೀರುಗಂಟಿಯ ಕಡೆಗೆ. ಅಧಿಕಾರಿಗಳು ಬಂದು ಹೋಗುತ್ತಾರೆ, ಹೊಸ ಪೈಪೂ ಬೀಳುತ್ತದೆ. ಆಮೇಲೆ ಆ ಮನುಷ್ಯ ಹೇಗಿದ್ದಾನೆ ಎಂದು ಕೇಳುವವರಿಲ್ಲ. ಇಂಥವರು ಆಪ್ತಸಮಾಲೋಚಕಿಯಾದ ನನ್ನ ಬಳಿ ಮತ್ತೆ ಮತ್ತೆ ಬರುತ್ತಿರುವುದರಿಂದ ಒಬ್ಬರ ವಿಷಯವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬದಲಿಸಿ ಬರೆಯುತ್ತಿದ್ದೇನೆ.

ನಡುವಯಸ್ಸಿನವರು, ಗ್ರಾಮ ಪಂಚಾಯಿತಿಯಲ್ಲಿ ನೀರು ಬಿಡುವ ಕೆಲಸ. ಮಳೆಗಾಲದ ಆರಂಭದಲ್ಲಿ ಒಂದು ಕೇರಿಯ ಹಲವರು ಆಸ್ಪತ್ರೆ ಸೇರಿದರು, ಒಬ್ಬ ಅಜ್ಜಿ ತೀರಿಕೊಂಡರು. ಚರಂಡಿಯೊಳಗೆ ಹಾದುಹೋಗಿದ್ದ ಪೈಪು ಒಡೆದಿತ್ತು. ಅಂದಿನಿಂದ ಇವರಿಗೆ ನಿದ್ದೆಯಿಲ್ಲ. ನಡುರಾತ್ರಿ ಟಾರ್ಚ್ ಹಿಡಿದು ಓವರ್‌ಹೆಡ್ ಟ್ಯಾಂಕ್ ಹತ್ತಿ, ಮುಚ್ಚಳ ತೆಗೆದು ನೋಡಿ ಬರುತ್ತಿದ್ದರು. ಅಜ್ಜಿಯ ಮನೆಯಿರುವ ಬೀದಿಗೆ ಮಾತ್ರ ಕಾಲಿಡುತ್ತಿರಲಿಲ್ಲ. ಅಲ್ಲಿನ ವಾಲ್ವ್ ತಿರುಗಿಸಲು ಮಗನನ್ನು ಕಳಿಸುತ್ತಿದ್ದರು. ನನ್ನ ಬಳಿಗೆ ಕರೆತಂದವರು ಅವರ ಹೆಂಡತಿ.

"ನಿನ್ನ ತಪ್ಪಲ್ಲ" ಎಂದು ಊರಿನವರು ಕೆಲವರು ಹೇಳಿದ್ದರು. ಅದು ಅವರಿಗೆ ನಾಟಿರಲಿಲ್ಲ. ಆ ಮಾತನ್ನು ನಾನೂ ಹೇಳಹೋಗಲಿಲ್ಲ. ಆ ದಿನದ ಕೆಲಸ ಹೇಗೆ ನಡೆಯಿತು, ಬೆಳಗಿನಿಂದ ಹೇಳಿ ಎಂದೆ.

ಅವರ ದನಿಯೇ ಬದಲಾಯಿತು. ಬ್ಲೀಚಿಂಗ್ ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಗಸಿ ತಳಕ್ಕಿಳಿಯಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿಯುವುದನ್ನು ಕೈಯಲ್ಲಿ ತೋರಿಸುತ್ತಾ ಹೇಳಿದರು. ಅರ್ಧ ಗಂಟೆ ಕಾದು, ಟ್ಯಾಂಕಿನ ಬುಡದ ನಲ್ಲಿಯಿಂದ ನೀರು ಹಿಡಿದು ಪರೀಕ್ಷೆಯ ಹನಿ ಹಾಕಿ ನೋಡಿದಾಗ, ರೋಗಾಣು ಕೊಲ್ಲುವ ಕ್ಲೋರಿನ್ ನೀರಿನಲ್ಲಿದೆ ಎಂದು ತೋರಿಸುವ ಹಳದಿ ಬಣ್ಣ ಬಂದಿತ್ತು. ಅಲ್ಲಿಗೆ ಮಾತು ನಿಂತಿತು. ಬಹಳ ಹೊತ್ತಿನ ಮೇಲೆ ಕೇಳಿದರು: "ಆ ಬೀದಿಯ ಕೊನೆಯ ನಲ್ಲಿಯಲ್ಲಿ ನೋಡಿದ್ದರೆ ಬಣ್ಣ ಬರುತ್ತಿರಲಿಲ್ಲ, ಅಲ್ಲವಾ ಮೇಡಂ? ಅಲ್ಲಿ ನೋಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ."

ಹೌದು, ಬರುತ್ತಿರಲಿಲ್ಲ ಎಂದೆ. ಸುಳ್ಳು ಸಮಾಧಾನ ಹೇಳಿದ್ದರೆ ಅವರು ಮತ್ತೆ ಬರುತ್ತಿರಲಿಲ್ಲ. ದಿನಕ್ಕಿಷ್ಟು ಹೊತ್ತು ಎಂದು ನೀರು ಬಿಡುವ ಊರುಗಳಲ್ಲಿ, ನೀರು ನಿಂತಾಗ ಖಾಲಿಯಾದ ಪೈಪು ಒಡಕಿನಿಂದ ಚರಂಡಿಯ ಕೊಳೆಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ಕೊಳೆಯೇ ಕ್ಲೋರಿನ್ನನ್ನು ತಿಂದುಹಾಕುತ್ತದೆ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಎನ್ನುತ್ತದೆ ಭಾರತೀಯ ಮಾನಕ. ಉಳಿದಿದೆಯೇ ಎಂದು ನೋಡಬೇಕಾದದ್ದು ಜನ ಕುಡಿಯುವ ನಲ್ಲಿಯಲ್ಲಿ. ಪೌಡರ್ ಹಾಕುವವರಿಗೇ ಇದನ್ನು ಕಲಿಸಿರಲಿಲ್ಲ. ಚರಂಡಿಯಲ್ಲಿ ಪೈಪು ಹಾಕಿಸಿದ್ದು ಅವರಲ್ಲ. ಸೋರುತ್ತಿದೆ ಎಂದು ಬಾಯಿಮಾತಿನಲ್ಲಿ ಅವರು ತಿಳಿಸಿದ್ದನ್ನು ಯಾರೂ ಬರೆದುಕೊಂಡಿರಲಿಲ್ಲ. ಯಾವುದು ಅವರ ಪಾಲು, ಯಾವುದು ಅಲ್ಲ ಎಂಬುದನ್ನು ಅಂದು ಕೂತು ಬೇರ್ಪಡಿಸಿದೆವು.

ನಿದ್ದೆಗಾಗಿ ಜಿಲ್ಲಾಸ್ಪತ್ರೆಯ ಮನೋವೈದ್ಯರ ಬಳಿಗೆ ಕಳಿಸಿದೆ. ನಾನು ಕೊಟ್ಟ ಮುಖ್ಯ ಸಲಹೆ ಬೇರೆ: ದಿನವೂ ಆ ಬೀದಿಯ ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯಬೇಕು, ಬಣ್ಣ ಬಾರದ ದಿನ ಪಂಚಾಯಿತಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಆ ಕೊನೆಯ ನಲ್ಲಿ ಅಜ್ಜಿಯ ಮನೆಯದು.

ಗಾಯದ ಮೇಲೆ ಬರೆ ಎಳೆಯುತ್ತಿದ್ದೀರಿ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ಹೆದರಿ ದೂರವಿಟ್ಟ ಬೀದಿ ದಿನದಿಂದ ದಿನಕ್ಕೆ ಇನ್ನಷ್ಟು ಹೆದರಿಸುತ್ತದೆ. ಅದಕ್ಕೂ ಮಿಗಿಲಾಗಿ, ಆ ಬೀದಿಯವರಿಗೆ ಆ ಪರೀಕ್ಷೆ ಬೇಕಿತ್ತು. ನೀರು ಸರಿಯಾಗದೆ ಈ ಮನುಷ್ಯನ ಮನಸ್ಸು ಮಾತ್ರ ಸರಿಯಾಗಲಿ ಎಂದು ನಾನು ಹೇಗೆ ಬಯಸಲಿ? ಆ ಮನೆಯವರನ್ನೂ ಮರೆತಿರಲಿಲ್ಲ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯೆಯೊಬ್ಬರು ಮೊದಲು ಹೋಗಿ ಒಪ್ಪಿಗೆ ಕೇಳಿದರು. ಕ್ಷಮೆ ಕೇಳಲು ಹೋಗಬೇಡಿ, ಕೆಲಸಕ್ಕೆ ಹೋಗಿ ಎಂದು ಇವರಿಗೆ ಹೇಳಿದ್ದೆ. ಶುರುವಿನಲ್ಲಿ ಆ ಮನೆಯವರು ಮಾತಾಡಲಿಲ್ಲ. ಆಮೇಲೆ ಅಜ್ಜಿಯ ಸೊಸೆ, "ಇವತ್ತು ಬಣ್ಣ ಬಂತಾ?" ಎಂದು ಕೇಳತೊಡಗಿದರಂತೆ.

ರಾತ್ರಿ ಟ್ಯಾಂಕ್ ಹತ್ತುವುದು ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಚರಂಡಿಯೊಳಗಿನ ಪೈಪನ್ನು ಒಂದು ಕಡೆ ಬದಲಿಸಿದ್ದಾರೆ. ಉಳಿದ ಕಡೆಗಳ ಅರ್ಜಿ, ಸ್ವೀಕೃತಿಯ ಮೊಹರಿನೊಂದಿಗೆ, ಅವರ ಪುಸ್ತಕದಲ್ಲಿದೆ. ಇದನ್ನು ಓದುವ ಪಂಚಾಯಿತಿ ಸದಸ್ಯರಿದ್ದರೆ, ನಿಮ್ಮ ನೀರುಗಂಟಿಗೆ ಪರೀಕ್ಷೆಯ ಕಿಟ್ ಕೊಟ್ಟು ಕೊನೆಯ ನಲ್ಲಿಯವರೆಗೆ ಒಮ್ಮೆ ಜೊತೆಯಲ್ಲಿ ನಡೆಯಿರಿ. ನೀರುಗಂಟಿಗಳೇ ಓದುತ್ತಿದ್ದರೆ, ನಿದ್ದೆ ಬಾರದ ರಾತ್ರಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು.