ಸ್ವಲ್ಪ ಹೊತ್ತು ಸುಮ್ನೆ ನೋಡಿ: ಪುಟ್ಟ ಮಕ್ಕಳ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನನ್ನ ಮಗಳಿಗೆ ಎರಡೂವರೆ ವರ್ಷ. ಮಗು ತಾನೇ ಆರಿಸಿ, ತಾನೇ ಮಾಡಿ ಕಲಿಯುವ ಮಾಂಟೆಸ್ಸರಿ ರೀತಿ ಮನೆಯಲ್ಲೇ ಬೆಳೆಸೋಣ ಅಂತ ಅವಳ ಕೈಗೆಟುಕುವ ಶೆಲ್ಫಿನಲ್ಲಿ ಆಟದ ಸಾಮಾನು ಜೋಡಿಸಿಟ್ಟಿದ್ದೇನೆ. ಅವಳು ಅದನ್ನು ಮುಟ್ಟುವುದೇ ಇಲ್ಲ. ದಿನವಿಡೀ ಒಂದೇ ಕೆಲಸ, ಲೋಟದಿಂದ ಲೋಟಕ್ಕೆ ನೀರು ಸುರಿಯುವುದು. ನೆಲ ಒರೆಸಿ ಒರೆಸಿ ಸಾಕಾಗಿದೆ. ‘ಮಗುವನ್ನು ಗಮನಿಸಿ’ ಅಂತ ಎಲ್ಲರೂ ಹೇಳುತ್ತಾರೆ. ನಾನು ಇಡೀ ದಿನ ಅವಳ ಹಿಂದೆಯೇ ಇರುತ್ತೇನೆ, ಇನ್ನೇನು ಗಮನಿಸಬೇಕು?
– ಒಬ್ಬ ತಾಯಿ, ತುಮಕೂರು

ಉತ್ತರ: ಹಿಂದೆ ಹಿಂದೆ ಇರುವುದು ಬೇರೆ, ಕೂತು ನೋಡುವುದು ಬೇರೆ. ಮಗುವಿನ ಹಿಂದೆ ಓಡಾಡುವಾಗ ನಮ್ಮ ತಲೆ ತುಂಬ ‘ಈಗ ಬೀಳ್ತಾಳೆ, ಈಗ ಚೆಲ್ತಾಳೆ’ ಅನ್ನೋದೇ ತುಂಬಿರುತ್ತದೆ ಅಲ್ವಾ? ನಾಳೆ ಬೆಳಿಗ್ಗೆ ತಿಂಡಿ ಆದ ಮೇಲೆ, ಅವಳು ಹೊಟ್ಟೆ ತುಂಬಿ ಖುಷಿಯಾಗಿರುವ ಹೊತ್ತಿನಲ್ಲಿ, ಕಾಲು ಗಂಟೆ ಬಿಡುವು ಮಾಡಿಕೊಳ್ಳಿ. ಒಂದು ನೋಟ್‌ಬುಕ್ಕು, ಒಂದು ಪೆನ್ನು ಸಾಕು. ಮೊಬೈಲು ಬೇರೆ ಕೋಣೆಯಲ್ಲಿರಲಿ. ವಿಡಿಯೋ ಕೂಡ ಬೇಡ, ಫೋನು ಕಂಡ ಕೂಡಲೇ ಮಕ್ಕಳು ಮಾಡುತ್ತಿದ್ದದ್ದನ್ನು ಬಿಟ್ಟು ಮುಖ ತೋರಿಸೋಕೆ ಬರುತ್ತಾರೆ. ಅವಳಿಂದ ನಾಲ್ಕಡಿ ದೂರ, ಸ್ವಲ್ಪ ಪಕ್ಕಕ್ಕೆ, ನೆಲದ ಮೇಲೆ ಕೂತುಕೊಳ್ಳಿ. ಮಾತಾಡಬೇಡಿ. ‘ವೆರಿ ಗುಡ್’ ಅನ್ನುವುದೂ ಬೇಡ. ಹತ್ತಿರ ಬಂದರೆ ‘ಅಮ್ಮ ಬರೀತಿದ್ದೀನಿ ಪುಟ್ಟಾ’ ಅಂದರೆ ಸಾಕು.

ಬರೆಯುವಾಗ ಕಣ್ಣಿಗೆ ಕಂಡದ್ದನ್ನು ಮಾತ್ರ ಬರೆಯಿರಿ. ‘ತುಂಟಾಟ ಮಾಡ್ತಿದ್ದಾಳೆ’ ಅನ್ನುವುದು ನಿಮಗೆ ಕಂಡದ್ದಲ್ಲ, ನೀವು ತೀರ್ಮಾನಿಸಿದ್ದು. ಕಂಡದ್ದು ಹೀಗಿರುತ್ತದೆ: ಬಲಗೈಯಲ್ಲಿ ದೊಡ್ಡ ಲೋಟ. ಎಡಗೈ ಸಣ್ಣ ಲೋಟವನ್ನು ಹಿಡಿದಿದೆ. ನಿಧಾನಕ್ಕೆ ಬಗ್ಗಿಸಿದಳು. ನೀರು ಅಂಚಿಗೆ ಬಂದಾಗ ಕೈ ನಿಲ್ಲಿಸೋಕೆ ನೋಡಿದಳು, ಆಗಲಿಲ್ಲ, ಚೆಲ್ಲಿತು. ಚೆಲ್ಲಿದ ನೀರಿನಲ್ಲಿ ಬೆರಳಾಡಿಸಿದಳು. ಮತ್ತೆ ತುಂಬಿಕೊಂಡಳು.

ಇಷ್ಟು ಬರೆದರೆ ನಿಮಗೇ ಒಂದು ವಿಷಯ ಹೊಳೆಯುತ್ತದೆ. ಸುರಿಯುವುದು ಅವಳಿಗೆ ಆಗಲೇ ಬರುತ್ತದೆ. ನಿಲ್ಲಿಸುವುದು ಬರುವುದಿಲ್ಲ. ಸರಿಯಾದ ಹೊತ್ತಿಗೆ ಮಣಿಕಟ್ಟನ್ನು ಮೇಲಕ್ಕೆ ತಿರುಗಿಸಬೇಕು, ಆ ಹಿಡಿತಕ್ಕಾಗಿ ಅವಳು ದಿನವಿಡೀ ದುಡಿಯುತ್ತಿದ್ದಾಳೆ. ಹಾಗಾಗಿ ಲೋಟ ಕಿತ್ತಿಡಬೇಡಿ, ಸಾಮಾನು ಬದಲಿಸಿ. ಮೂತಿ ಇರುವ ಸಣ್ಣ ಜಗ್ಗು ಕೊಡಿ. ಲೋಟದಲ್ಲಿ ಎಷ್ಟು ಹಿಡಿಯುತ್ತದೋ ಅದಕ್ಕಿಂತ ಒಂದು ಗುಟುಕು ಕಡಿಮೆ ನೀರು ಹಾಕಿ. ಆಗ ಪೂರ್ತಿ ಸುರಿದರೂ ತುಂಬಿ ಹರಿಯುವುದಿಲ್ಲ. ಕೆಳಗೆ ಅಂಚಿರುವ ಸ್ಟೀಲ್ ತಟ್ಟೆ, ಪಕ್ಕದಲ್ಲಿ ಅವಳ ಅಂಗೈಯಗಲಕ್ಕೆ ಮಡಚಿದ ಹಳೇ ಪಂಚೆಯ ತುಂಡು. ಒಂದೇ ಸಲ, ಬಾಯಿ ಬಿಡದೆ, ತುಂಬ ನಿಧಾನವಾಗಿ ನೀವು ಮಾಡಿ ತೋರಿಸಿ. ಕೊನೇ ಹನಿ ಒರೆಸುವುದನ್ನೂ ತೋರಿಸಿ. ಎಷ್ಟೋ ಮಕ್ಕಳಿಗೆ ಸುರಿಯುವುದಕ್ಕಿಂತ ಒರೆಸುವುದೇ ಜಾಸ್ತಿ ಇಷ್ಟವಾಗುತ್ತದೆ. ಆದರೆ ನೀರು ತುಂಬಿದ ಬಕೆಟ್ಟಿನ ಹತ್ತಿರ ಈ ವಯಸ್ಸಿನ ಮಗುವನ್ನು ಒಂದು ನಿಮಿಷವೂ ಒಂಟಿಯಾಗಿ ಬಿಡಬೇಡಿ.

ಅದೇ ಕೆಲಸ ಮತ್ತೆ ಮತ್ತೆ ಯಾಕೆ ಅಂತ ನಿಮಗೆ ಅನ್ನಿಸಿರಬಹುದು. ಈ ಪದ್ಧತಿಯನ್ನು ರೂಪಿಸಿದ ಇಟಲಿಯ ಮರಿಯಾ ಮಾಂಟೆಸ್ಸರಿ 1907ರ ಜನವರಿಯಲ್ಲಿ ರೋಮ್ ನಗರದ ಸ್ಯಾನ್ ಲೊರೆಂಜೊ ಅನ್ನುವ ಬಡವರ ಬಡಾವಣೆಯಲ್ಲಿ ‘ಮಕ್ಕಳ ಮನೆ’ ಅನ್ನುವ ಪುಟ್ಟ ಮಕ್ಕಳ ಶಾಲೆ ಶುರು ಮಾಡಿದರು. ಅಲ್ಲಿ ಸುಮಾರು ಮೂರು ವರ್ಷದ ಒಬ್ಬ ಹುಡುಗಿ ಮರದ ಉರುಳೆಗಳನ್ನು ಅವುಗಳ ಕುಳಿಗಳಿಂದ ತೆಗೆದು, ಕಲಸಿ, ಮತ್ತೆ ಸರಿಯಾದ ಕುಳಿಗೆ ಕೂರಿಸುತ್ತಿದ್ದಳು. ಮಾಂಟೆಸ್ಸರಿ ಎಷ್ಟು ಸಲ ಅಂತ ಎಣಿಸುತ್ತಾ ನಿಂತರು. ಉಳಿದ ಮಕ್ಕಳಿಂದ ಹಾಡು ಹೇಳಿಸಿದರು, ಅವಳು ತಲೆ ಎತ್ತಲಿಲ್ಲ. ಅವಳು ಕೂತಿದ್ದ ಪುಟ್ಟ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರು, ಅವಳು ಸಾಮಾನನ್ನು ತೊಡೆಯ ಮೇಲಿಟ್ಟುಕೊಂಡು ಮುಂದುವರಿಸಿದಳು. ನಲವತ್ತಕ್ಕೂ ಹೆಚ್ಚು ಸಲ ಮಾಡಿ, ತಾನಾಗಿಯೇ ನಿಲ್ಲಿಸಿ, ಒಳ್ಳೇ ನಿದ್ದೆಯಿಂದ ಎದ್ದವಳ ಹಾಗೆ ಸುತ್ತ ನೋಡಿದಳಂತೆ. ಮಾಂಟೆಸ್ಸರಿ ಓದಿದ್ದು ವೈದ್ಯಕೀಯ. ಮೊದಲು ನೋಡು, ಬರೆದುಕೋ, ಆಮೇಲೆ ಔಷಧಿ ಅನ್ನುವ ಡಾಕ್ಟರ ಅಭ್ಯಾಸವನ್ನೇ ಅವರು ಮಕ್ಕಳ ಹತ್ತಿರಕ್ಕೂ ತಂದರು. ಮನೆಗೆ ಶೆಲ್ಫು ತರುವುದಕ್ಕಿಂತ ಮೊದಲು ಈ ಅಭ್ಯಾಸ ಬರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಪ್ರಶ್ನೆ: ಮೊಮ್ಮಗನಿಗೆ ಇನ್ನೂ ಎರಡು ತುಂಬಿಲ್ಲ. ನನ್ನ ಕುರ್ಚಿಯಲ್ಲಿ ನೆಂಟರು ಯಾರಾದರೂ ಕೂತರೆ ಚೀರಾಡುತ್ತಾನೆ. ನನ್ನ ಕನ್ನಡಕ ಅವರಜ್ಜಿ ಹಾಕಿಕೊಂಡರೂ ಅಳು. ‘ನೀವು ಮುದ್ದು ಮಾಡಿ ಹಠಮಾರಿ ಮಾಡಿದ್ದೀರಿ’ ಅಂತ ಮಗ ನನ್ನನ್ನೇ ಬೈಯುತ್ತಾನೆ.
– ಒಬ್ಬ ತಾತ, ದಾವಣಗೆರೆ

ಉತ್ತರ: ಸರ್, ಮಗನಿಗೆ ಈ ಪುಟ ತೋರಿಸಿ. ಇದು ಮುದ್ದಿನಿಂದ ಬಂದದ್ದಲ್ಲ.

ಒಂದರಿಂದ ಮೂರು ವರ್ಷದ ನಡುವೆ ಮಕ್ಕಳಿಗೆ ಯಾವುದು ಎಲ್ಲಿರಬೇಕು, ಯಾವುದು ಯಾರದ್ದು ಅನ್ನುವ ವಿಷಯದಲ್ಲಿ ಬಹಳ ಬಿಗಿ ಇರುತ್ತದೆ. ಇನ್ನೂ ಸರಿಯಾಗಿ ಮಾತು ಬಂದಿಲ್ಲ, ಗಡಿಯಾರ ಗೊತ್ತಿಲ್ಲ, ನಾಳೆ ಅಂದರೆ ಏನು ಅಂತ ಗೊತ್ತಿಲ್ಲ. ಅವನು ನಂಬಿಕೊಂಡಿರುವುದು ಒಂದನ್ನೇ: ತಾತನ ಕುರ್ಚಿಯಲ್ಲಿ ತಾತ, ತಾತನ ಮೂಗಿನ ಮೇಲೆ ಕನ್ನಡಕ. ಅದು ಅದಲುಬದಲಾದರೆ ಅವನಿಗೆ ನಿಜವಾಗಿಯೂ ಗಾಬರಿಯಾಗುತ್ತದೆ. ಮಾಂಟೆಸ್ಸರಿ ಕಂಡ ಒಂದು ಪ್ರಸಂಗ ಇದೆ. ಇನ್ನೂ ಚಿಕ್ಕದು, ಸುಮಾರು ಆರು ತಿಂಗಳ ಮಗು. ಮನೆಗೆ ಬಂದ ಹೆಂಗಸು ತನ್ನ ಕೊಡೆಯನ್ನು ಮೇಜಿನ ಮೇಲಿಟ್ಟರು. ಮಗು ಅದನ್ನೇ ನೋಡಿ ನೋಡಿ ಅಳಲು ಶುರು ಮಾಡಿತು. ಕೊಡೆ ಬೇಕೇನೋ ಅಂತ ಕೊಡಲು ಹೋದರೆ ತಳ್ಳಿತು. ಕೊನೆಗೆ ತಾಯಿ ಕೊಡೆಯನ್ನು ಪಕ್ಕದ ಕೋಣೆಗೆ ಒಯ್ದ ಮೇಲೆ ಅಳು ನಿಂತಿತು. ಕೊಡೆ ಇರಬೇಕಾದ ಜಾಗ ಮೇಜು ಅಲ್ಲ, ಅಷ್ಟೇ.

ಎಲ್ಲ ಅಳುವೂ ಇದೇ ಜಾತಿಯದು ಅಂತ ತಿಳಿಯಬೇಡಿ. ಅಂಗಡಿಯ ಮುಂದೆ ಚಾಕಲೇಟಿಗೆ ಅಳುವ ಮಗುವಿಗೆ ಏನೋ ಬೇಕಾಗಿರುತ್ತದೆ. ಈ ಅಳುವಿನಲ್ಲಿ ಅವನು ಏನನ್ನೂ ಕೇಳುತ್ತಿಲ್ಲ, ಸಾಮಾನು ಮೊದಲಿನ ಜಾಗಕ್ಕೆ ಹೋದರೆ ತಣ್ಣಗಾಗುತ್ತಾನೆ. ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ ಅಂದರೆ, ಅಳು ಶುರುವಾಗುವ ಮುಂಚಿನ ಎರಡು ನಿಮಿಷದಲ್ಲಿ ಮನೆಯಲ್ಲಿ ಏನು ಬದಲಾಯಿತು ಅಂತ ಒಂದು ಸಾಲು ಬರೆದಿಡಿ. ಯಾರು ಬಂದರು, ಏನು ಎತ್ತಿಟ್ಟರು, ಚಪ್ಪಲಿ ಯಾವ ಕಡೆ ಬಿಟ್ಟರು. ಒಂದು ವಾರದ ಸಾಲುಗಳನ್ನು ಒಟ್ಟಿಗೆ ಓದಿ. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಅವನ ಜೊತೆ ಇರುವವರು ನೀವು, ಈ ಕೆಲಸಕ್ಕೆ ನಿಮಗಿಂತ ಯೋಗ್ಯರು ಯಾರೂ ಇಲ್ಲ.

ನೆಂಟರು ಬರುವ ಮೊದಲೇ ಅವನಿಗೆ ಹೇಳಿಡಿ: ‘ಮಾವ ಬರ್ತಾರೆ, ತಾತನ ಕುರ್ಚೀಲಿ ಕೂರ್ತಾರೆ, ಮಾವ ಹೋದ ಮೇಲೆ ತಾತ ಕೂರ್ತೀನಿ.’ ಮಾತು ಬರದಿದ್ದರೂ ಅರ್ಥವಾಗುತ್ತದೆ. ಹೇಗೂ ಅವನಿಗೆ ಜಾಗದ ಮೇಲೆ ಇಷ್ಟು ನಿಗಾ ಇದೆ, ಅವನ ಟೋಪಿಗೆ ಅವನ ಎತ್ತರಕ್ಕೊಂದು ಮೊಳೆ ಹೊಡೆದು ಕೊಡಿ. ಚಪ್ಪಲಿಗೆ ಒಂದು ಜಾಗ ಮಾಡಿ. ಅವನು ತಾನೇ ತಂದಿಡುತ್ತಾನೆ ನೋಡಿ.

ಪ್ರಶ್ನೆ: ಸಾವಿರಾರು ರೂಪಾಯಿ ಕೊಟ್ಟು ಪಿಂಕ್ ಟವರ್ (ಒಂದರ ಮೇಲೊಂದು ಪೇರಿಸುವ ಗುಲಾಬಿ ಬಣ್ಣದ ಘನಗಳು) ತರಿಸಿದೆ. ಮೂರು ವರ್ಷದ ಮಗ ಅದನ್ನು ಸಾಲಾಗಿಟ್ಟು ರೈಲು ಅಂತ ತಳ್ಳುತ್ತಾನೆ. ಗೋಪುರ ಕಟ್ಟೋದೇ ಇಲ್ಲ.
– ಒಬ್ಬ ತಂದೆ, ಬೆಂಗಳೂರು

ಉತ್ತರ: ರೈಲಿನಲ್ಲಿ ಡಬ್ಬಿಗಳನ್ನು ಹೇಗೆ ಜೋಡಿಸಿದ್ದಾನೆ, ಅದನ್ನು ನೋಡಿದಿರಾ? ಆ ಹತ್ತು ಘನಗಳು ಒಂದು ಸೆಂಟಿಮೀಟರಿನಿಂದ ಹತ್ತು ಸೆಂಟಿಮೀಟರಿನವರೆಗೆ ಒಂದೊಂದೇ ಸೆಂಟಿಮೀಟರು ದೊಡ್ಡದಾಗುತ್ತಾ ಹೋಗುತ್ತವೆ. ದೊಡ್ಡದರಿಂದ ಚಿಕ್ಕದಕ್ಕೆ ಇಟ್ಟಿದ್ದರೆ ಕೆಲಸ ಆಗಲೇ ನಡೆಯುತ್ತಿದೆ. ಮನಸ್ಸಿಗೆ ಬಂದ ಹಾಗೆ ಇಟ್ಟಿದ್ದರೆ ಅವನಿಗೆ ಸದ್ಯ ತಳ್ಳುವ ಕೆಲಸ ಬೇಕಾಗಿದೆ, ಗೋಪುರವನ್ನು ತಿಂಗಳ ಮಟ್ಟಿಗೆ ಒಳಗಿಟ್ಟು, ತಳ್ಳಿಕೊಂಡು ಹೋಗುವುದಕ್ಕೆ ಏನಾದರೂ ಕೊಡಿ. ಇನ್ನು ದುಡ್ಡು ಹಾಕಬೇಡಿ. ಅಡುಗೆಮನೆಯಲ್ಲಿ ಒಂದರೊಳಗೊಂದು ಕೂರುವ ಸ್ಟೀಲ್ ಡಬ್ಬಿಗಳಿವೆ, ಮುಚ್ಚಳಗಳನ್ನು ಬೇರೆ ಮಾಡಿ ಮುಂದಿಡಿ, ಅರ್ಧ ಗಂಟೆ ಅವನ ಕೈ ಏನು ಮಾಡುತ್ತದೆ ನೋಡಿ.

ಪ್ರಶ್ನೆ: ನಾಲ್ಕು ವರ್ಷದ ಮಗ ಬೆಳಿಗ್ಗೆ ಒಂದೆರಡು ಕೆಲಸ ಚೆನ್ನಾಗಿ ಮಾಡುತ್ತಾನೆ. ಆಮೇಲೆ ಎಲ್ಲ ಬಿಟ್ಟು ಸುಮ್ನೆ ಸುತ್ತುತ್ತಾನೆ, ತಂಗಿಯ ಜಡೆ ಎಳೆಯುತ್ತಾನೆ. ಆಗ ನಾನು ಟಿವಿ ಹಾಕಿಬಿಡುತ್ತೇನೆ. ಇವನಿಗೆ ಏಕಾಗ್ರತೆಯೇ ಇಲ್ಲವಾ?
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ಟಿವಿ ಹಾಕುವ ಆ ಹೊತ್ತನ್ನೇ ಇನ್ನೊಂದಿಷ್ಟು ನಿಮಿಷ ತಡೆದು ನೋಡಿ. ಮಾಂಟೆಸ್ಸರಿ ತಮ್ಮ ಮಕ್ಕಳ ಮನೆಗಳಲ್ಲಿ ಇಡೀ ಬೆಳಗಿನ ಕೆಲಸದ ಏರಿಳಿತವನ್ನು ಒಂದು ಗೆರೆಯಾಗಿ ಬರೆದು ನೋಡಿದ್ದರು. ಬಂದ ಕೂಡಲೇ ಸುಲಭದ ಕೆಲಸ, ಆಮೇಲೆ ಹತ್ತು ಗಂಟೆಯ ಹೊತ್ತಿಗೆ ಗದ್ದಲ, ಓಡಾಟ. ನೋಡಿದವರಿಗೆ ಮಕ್ಕಳು ದಣಿದರು ಅನ್ನಿಸುತ್ತದೆ. ಅವರು ಅದನ್ನು ನಿಜವಾದ ದಣಿವಲ್ಲ ಅಂದರು. ಯಾರೂ ತಲೆ ಹಾಕದೆ ಬಿಟ್ಟರೆ ಅದೇ ಮಕ್ಕಳು ಸ್ವಲ್ಪ ಹೊತ್ತಿನಲ್ಲಿ ಆ ದಿನದ ಅತಿ ಕಷ್ಟದ ಕೆಲಸ ಹಿಡಿದು ಕೂರುತ್ತಿದ್ದರು. ಅದಕ್ಕೇ ಮಾಂಟೆಸ್ಸರಿ ಶಾಲೆಗಳಲ್ಲಿ ಮೂರು ಗಂಟೆ ಒಂದೇ ಸಮನೆ ಬಿಡುವುದು. (ಬೋರ್ಡಿನ ಮೇಲೆ ಮಾಂಟೆಸ್ಸರಿ ಅಂತ ಯಾರು ಬೇಕಾದರೂ ಬರೆಸಬಹುದು. ಶಾಲೆ ನೋಡಲು ಹೋದಾಗ ಬೆಳಿಗ್ಗೆ ಎಷ್ಟು ಹೊತ್ತು ಬೆಲ್ ಹೊಡೆಯದೆ ಬಿಡುತ್ತಾರೆ ಅಂತ ಕೇಳಿ.)

ಜಡೆ ಎಳೆದಾಗ ಖಂಡಿತ ತಡೆಯಿರಿ, ನೋವಾಗುವುದನ್ನು ನೋಡುತ್ತಾ ಕೂರುವುದು ಗಮನಿಸುವುದಲ್ಲ. ತಂಗಿಯನ್ನು ಬೇರೆ ಕಡೆ ಕೂರಿಸಿ. ಅವನಿಗೆ ‘ಇದು ಮಾಡು, ಅದು ಮಾಡು’ ಅನ್ನದೆ, ಅವನ ಕಣ್ಣಿಗೆ ಬೀಳುವ ಹಾಗೆ ನೀವೇ ಬಟಾಣಿ ಸುಲಿಯುತ್ತಾ ಕೂತುಕೊಳ್ಳಿ.

ಇನ್ನೊಂದು ಮಾತು, ಇದು ಎಲ್ಲ ತಂದೆತಾಯಿಯರಿಗೂ. ಹೆಸರು ಹಿಡಿದು ಕರೆದರೂ ಮಗು ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ, ಬಂದ ಮಾತು ನಿಂತುಹೋದರೆ, ‘ನಮ್ಮ ಮನೆಯಲ್ಲಿ ಎಲ್ಲರಿಗೂ ಮಾತು ತಡ’ ಅಂತ ಕಾಯಬೇಡಿ. ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಮಾತು, ಕಿವಿಯ ಪರೀಕ್ಷೆಗೆ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೇ ಇದೆ. ಹೋಗುವಾಗ ನೋಟ್‌ಬುಕ್ಕು ತೆಗೆದುಕೊಂಡು ಹೋಗಿ. ‘ಸ್ವಲ್ಪ ಮಂಕು’ ಅನ್ನುವುದಕ್ಕಿಂತ ‘ಕುಕ್ಕರ್ ವಿಷಲ್‌ಗೆ ತಿರುಗಿದ, ಹಿಂದಿನಿಂದ ಕರೆದರೆ ತಿರುಗಲಿಲ್ಲ’ ಅನ್ನುವ ಒಂದು ಸಾಲಿನಿಂದ ಅವರಿಗೆ ಎಷ್ಟೋ ಸಹಾಯ.

ಪ್ರಶ್ನೆ: ಮೂರು ವರ್ಷದ ಮಗಳಿಗೆ ತಾನೇ ಉಣ್ಣುವುದು, ಚಪ್ಪಲಿ ಹಾಕಿಕೊಳ್ಳುವುದು ಕಲಿಸಬೇಕು ಅಂತ ನನಗೆ. ಅತ್ತೆ ಎಲ್ಲವನ್ನೂ ತಾವೇ ಮಾಡಿಬಿಡುತ್ತಾರೆ. ‘ಫಾರಿನ್ ಪದ್ಧತಿ ನಮಗ್ಯಾಕೆ’ ಅಂತಾರೆ. ದಿನಾ ಕಿರಿಕಿರಿ.
– ಒಬ್ಬ ಸೊಸೆ, ಮಂಡ್ಯ

ಉತ್ತರ: ಅತ್ತೆಯವರಿಗೆ ಹೇಳಿ, ಮಾಂಟೆಸ್ಸರಿ 1939ರಲ್ಲಿ ಮದ್ರಾಸಿನ ಅಡ್ಯಾರಿಗೆ ಬಂದವರು ಯುದ್ಧದ ಕಾರಣ 1946ರವರೆಗೆ ಇಲ್ಲೇ ಉಳಿದರು, ಕೊಡೈಕೆನಾಲಿನಲ್ಲೂ ಇದ್ದರು. ಮೂರು ವರ್ಷದೊಳಗಿನ ಕೂಸುಗಳ ಬಗ್ಗೆ ಅವರ ವಿಚಾರ ಬಲಿತದ್ದು ಭಾರತದಲ್ಲಿದ್ದ ವರ್ಷಗಳಲ್ಲೇ.

ಆದರೆ ವಾದದಿಂದ ಇದು ಬಗೆಹರಿಯುವುದಿಲ್ಲ ಬಿಡಿ. ತುತ್ತು ಕೊಡುವುದು ಅಜ್ಜಿಯ ಪ್ರೀತಿ, ಅದನ್ನು ಪೂರ್ತಿ ಕಸಿಯಬೇಡಿ, ರಾತ್ರಿಯ ಒಂದು ಕೈತುತ್ತು ಅವರದ್ದೇ ಇರಲಿ. ಬದಲಿಗೆ ಅವರ ಕೈಯ ಕೆಲಸದ ಜೊತೆ ಮಗಳನ್ನು ಸೇರಿಸಿ. ಅವರೆಕಾಯಿ ಕಾಲದಲ್ಲಿ ಹಿತುಕಿದ ಬೇಳೆ ಮಾಡುವಾಗ ನೆನೆದ ಕಾಳಿನ ಒಂದು ಪುಟ್ಟ ಬಟ್ಟಲು ಅವಳ ಮುಂದಿಡಲು ಹೇಳಿ. ಹೆಬ್ಬೆರಳು, ತೋರುಬೆರಳಿನ ನಡುವೆ ಕಾಳು ಹಿಡಿದು ಅದುಮಿದರೆ ಬೇಳೆ ಚಿಮ್ಮಿ ಹೊರಬರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಗುಂಡಿ ಹಾಕುವುದಕ್ಕೆ, ಮುಂದೆ ಪೆನ್ಸಿಲ್ ಹಿಡಿಯುವುದಕ್ಕೆ ಬೇಕಾದ ಬಲ ಅದೇ ಎರಡು ಬೆರಳಿಗೆ ಬರಬೇಕು. ಕಾಳು ಬಾಯಿಗೆ, ಮೂಗಿಗೆ ಹೋಗದ ಹಾಗೆ ಒಬ್ಬರು ಪಕ್ಕದಲ್ಲೇ ಇರಬೇಕು. ಅತ್ತೆ ಎದುರಿಗೆ ಕೂತು ಮೊಮ್ಮಗಳ ಬೆರಳು ಕಲಿಯುವುದನ್ನು ಕಣ್ಣಾರೆ ನೋಡಲಿ, ನೀವು ಅಲ್ಲಿರಲೇಬೇಕು ಅಂತಿಲ್ಲ.

ಚಪ್ಪಲಿಯ ವಿಷಯದಲ್ಲಿ ಹೆಚ್ಚಿನ ಜಗಳ ಹುಟ್ಟುವುದು ಹೊರಡುವ ಅವಸರದಲ್ಲಿ. ಅವಳಿಗೆ ಎಷ್ಟು ಹೊತ್ತು ಬೇಕು ಅಂತ ಒಮ್ಮೆ ಗಡಿಯಾರ ನೋಡಿ ಬರೆದಿಡಿ. ಐದು ನಿಮಿಷವಾದರೆ ಹೊರಡುವ ಹತ್ತು ನಿಮಿಷ ಮೊದಲೇ ಬಾಗಿಲ ಹತ್ತಿರ ಒಂದು ಮಣೆ ಹಾಕಿ ಕೂರಿಸಿ. ಬಕಲ್ ಇರುವುದು ಬೇಡ, ಸದ್ಯಕ್ಕೆ ವೆಲ್ಕ್ರೋ ಪಟ್ಟಿಯ ಚಪ್ಪಲಿ ತನ್ನಿ.