ಗೋಣಿ ಬಿಚ್ಚಿ ನೋಡಿದಿರಾ?

ಪ್ರಶ್ನೆ: ಪೆರ್ಲದ ಹತ್ತಿರ ನಮ್ಮದು ಎರಡೆಕರೆ ಅಡಿಕೆ ತೋಟ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ಹಣದಲ್ಲಿ ಒಂದು ತಂತ್ರಜ್ಞಾನ ಕಂಪನಿಯ 300 ಶೇರು ತಲಾ ₹620ಕ್ಕೆ ತೆಗೆದೆ. ಈಗ ₹340. ಟಿ.ವಿ.ಯವರು ಅದರ ಹೆಸರೆತ್ತಿದರೆ ಬೈಯಲಿಕ್ಕೇ. ಸಾಲವಿಲ್ಲ, ವ್ಯಾಪಾರ ಏರುತ್ತಿದೆ ಎಂದು ಓದಿದ್ದೇನೆ. ಅಡಿಕೆಯನ್ನು ಎರಡು ವರ್ಷ ಇಟ್ಟು, ಡಬಲ್ ಚೋಲ್ ಎಂಬ ಹಳೆ ಅಡಿಕೆ ಆದ ಮೇಲೆ ಮಾರುವವರು ನಾವು. ಇದನ್ನೂ ಹಾಗೇ ಇಡಬಾರದೇ? ಜೂನ್‌ನಲ್ಲಿ ಮಗಳ ಕಾಲೇಜಿಗೆ ₹60,000 ಕಟ್ಟಲಿಕ್ಕಿದೆ.

ಉತ್ತರ: ಪತ್ರದ ಕೊನೆಯ ಸಾಲಿನಿಂದಲೇ ಸುರು ಮಾಡುತ್ತೇನೆ. ಫೀಸಿಗೆ ಬೇರೆ ದಾರಿ ಇಲ್ಲದಿದ್ದರೆ ಈ ವಾರವೇ 180 ಶೇರು ಮಾರಿ, ಹಣವನ್ನು ಬ್ಯಾಂಕಿನಲ್ಲಿಡಿ. ಕಾಲೇಜು ಜೂನ್ ದಾಟಿ ಕಾಯುವುದಿಲ್ಲ. ಶೇರು ಯಾವಾಗ ಏಳುತ್ತದೆಂದು ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಉಳಿದ 120ರ ಮಾತು ಬೇರೆ. ಹಳೆ ಅಡಿಕೆಗೆ ಹೆಚ್ಚು ರೇಟು ಕೊಡುವ ವ್ಯಾಪಾರಿ ಇದ್ದಾನೆ. ಶೇರಿಗೆ ವರ್ಷ ತುಂಬಿತೆಂದು ಯಾರೂ ಒಂದು ರೂಪಾಯಿ ಜಾಸ್ತಿ ಕೊಡುವುದಿಲ್ಲ. ಅಡಿಕೆಯನ್ನಾದರೂ ನೀವು ಸುಮ್ಮನೆ ಇಡುತ್ತೀರಾ? ನಡುನಡುವೆ ಗೋಣಿ ಬಿಚ್ಚಿ, ನಾಲ್ಕು ಅಡಿಕೆ ಎತ್ತಿ, ಕತ್ತರಿಯಲ್ಲಿ ಎರಡು ಹೋಳು ಮಾಡಿ, ಒಳಗೆ ಬಿಳಿಯೋ ಕಪ್ಪೋ, ಹುಳ ಕೊರೆದಿದೆಯೋ ಎಂದು ಬೆಳಕಿಗೆ ಹಿಡಿದು ನೋಡುತ್ತೀರಿ. ಕಂಪನಿಯದ್ದನ್ನು ಮೂರು ತಿಂಗಳಿಗೊಮ್ಮೆ ಹಾಗೆ ನೋಡಬೇಕು: ವ್ಯಾಪಾರ ಏರಿತೇ, ಲಾಭ ಕಾಗದದಲ್ಲಿ ಮಾತ್ರವೋ ನಗದಾಗಿಯೂ ಬಂತೋ, ಮಾಲೀಕರು ತಮ್ಮ ಶೇರು ಅಡವಿಟ್ಟಿದ್ದಾರೋ.

ಬೆಲೆ ಬಿದ್ದ ಮಾತ್ರಕ್ಕೆ ಕಂಪನಿ ಕೆಟ್ಟಿತೆಂದಲ್ಲ. ಅಮೆಜಾನ್ ಶೇರು 1999ರ ಡಿಸೆಂಬರಿನಲ್ಲಿ 100 ಡಾಲರ್ ದಾಟಿತ್ತು, 2001ರಲ್ಲಿ 6 ಡಾಲರಿಗೆ ಇಳಿಯಿತು. ಅದೇ ಎರಡು ವರ್ಷದಲ್ಲಿ ಅದರ ಮಾರಾಟ 164 ಕೋಟಿ ಡಾಲರಿನಿಂದ 312 ಕೋಟಿಗೆ ಏರಿತ್ತು. ಆದರೆ ನೆಟ್‌ವರ್ಕ್ ಉಪಕರಣ ಮಾಡುವ ಅಮೆರಿಕದ ಸಿಸ್ಕೋ ಕೂಡ ಒಳ್ಳೆಯ ಕಂಪನಿಯೇ. ಅದರ ಶೇರು 2000ದ ಮಾರ್ಚಿನ 80 ಡಾಲರನ್ನು ಮತ್ತೆ ಕಾಣಲು 2025ರ ಡಿಸೆಂಬರ್ ಬರಬೇಕಾಯಿತು. ಕಂಪನಿ ಉಳಿದರೂ, ಹೆಚ್ಚು ಕೊಟ್ಟು ಕೊಂಡವರು 25 ವರ್ಷ ಕಾದರು. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿ ಸತ್ಯಂನಲ್ಲಂತೂ ಲೆಕ್ಕವೇ ಸುಳ್ಳು. ಅದು ಹೊರಬಿದ್ದ 2009ರ ಜನವರಿ 7ರಂದು ಒಂದೇ ದಿನದಲ್ಲಿ ಬೆಲೆಯ ಮುಕ್ಕಾಲು ಪಾಲು ಹೋಯಿತು. ಅದಕ್ಕೇ, ಎಷ್ಟು ಚೆನ್ನಾಗಿ ಕಂಡರೂ ಒಂದೇ ಕಂಪನಿಯ ಮೇಲೆ ಒಂದು ವರ್ಷದ ಬೆಳೆಯನ್ನೆಲ್ಲ ಹಾಕಬಾರದಿತ್ತು.

ಇನ್ನು ₹620ನ್ನು ದಯವಿಟ್ಟು ಮರೆತುಬಿಡಿ. ಬದಿಯಡ್ಕದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದಾಗ, 2000ದಲ್ಲಿ, ನಾನೂ ಒಂದು ಸಾಫ್ಟ್‌ವೇರ್ ಶೇರು ಕೊಂಡಿದ್ದೆ. "ಅಸಲು ಬಂದರೆ ಸಾಕು, ಮಾರಿಬಿಡುತ್ತೇನೆ" ಎಂದು ಆರು ವರ್ಷ ಕಾದೆ. ಕಂಪನಿಯೇ ಮುಚ್ಚಿತು. ನಾನು ಎಷ್ಟಕ್ಕೆ ಕೊಂಡೆನೆಂಬುದು ನನ್ನ ಡೈರಿಗೆ ಬಿಟ್ಟು ಬೇರೆ ಯಾರಿಗೂ ಬೇಕಿರಲಿಲ್ಲ. ನಿಮ್ಮ ಶೇರಿನ ಹಾಗೆ ಶೇ. 45 ಬಿದ್ದದ್ದು ಅಸಲಿಗೆ ಮರಳಲು ಶೇ. 82 ಏರಬೇಕು. ಕೈಯಲ್ಲಿ ಶೇರು ಇಲ್ಲ, ಹಣ ಮಾತ್ರ ಇದೆ ಎಂದಿಟ್ಟುಕೊಳ್ಳಿ: ಇವತ್ತು ₹340 ಕೊಟ್ಟು ಅದನ್ನೇ ಕೊಳ್ಳುತ್ತೀರಾ? ಹೌದಾದರೆ 120 ಇರಲಿ, ಯಾಕೆ ಇಟ್ಟಿರೆಂದು ಎರಡು ಸಾಲು ಬರೆದಿಡಿ. ಆ ಕಾರಣ ತಪ್ಪಿದ ದಿನ ಮಾರಿ.

ಮಾರಿದ 180ರ ನಷ್ಟವನ್ನು ಗಡುವಿನೊಳಗೆ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ತೋರಿಸಿ. ಅಡಿಕೆಯ ಆದಾಯದಲ್ಲಿ ಅದನ್ನು ಕಳೆಯಲಾಗದು, ಆದರೆ ಬಂಡವಾಳ ಲಾಭ (ಶೇರಿನಂಥ ಆಸ್ತಿ ಮಾರಿ ಬಂದ ಲಾಭ) ಬಂದಾಗ ಕಳೆಯಲು ಎಂಟು ವರ್ಷ ಮುಂದಕ್ಕೆ ಒಯ್ಯಬಹುದು.