ವಿಶೇಷ ಏನೂ ಬೇಡ, ಬಟ್ಟೆ ಮಡಚಿ

ನೀವು ಮನೆಗೆ ಬರುವುದೇ 7.30ಕ್ಕೆ, 4 ವರ್ಷದ ಮಗಳು ಮಲಗುವುದು 8.30ಕ್ಕೆ. ಆ ಒಂದು ಗಂಟೆಯಲ್ಲಿ ಅವಳಿಗೆ ನೆನಪಿರುವಂಥದ್ದು ಏನು ಮಾಡಲಿ ಅಂತ ಕೇಳಿದ್ದೀರಿ.

ಹೊಸದಾಗಿ ಏನೂ ಹುಡುಕಬೇಡಿ. ಹೇಗೂ ಮಾಡಲೇಬೇಕಾದ ಕೆಲಸಕ್ಕೆ ಅವಳನ್ನೂ ಸೇರಿಸಿಕೊಳ್ಳಿ. ನನ್ನ ಕೇಳಿದರೆ ಒಣಗಿದ ಬಟ್ಟೆ ಮಡಚುವುದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ರಾಶಿಯನ್ನು ಹಾಸಿಗೆ ಮೇಲೆ ಸುರಿದು ಕಾಲುಚೀಲದ ಜೋಡಿ ಹುಡುಕುವ ಕೆಲಸ ಅವಳಿಗೆ ಕೊಡಿ. ಬಣ್ಣ, ಅಳತೆ ಹೊಂದಿಸುವುದು ಆ ವಯಸ್ಸಿಗೆ ಆಟವೇ. ನಿಮ್ಮ ದೊಡ್ಡ ಕಾಲುಚೀಲದೊಳಗೆ ತನ್ನ ಪುಟ್ಟದನ್ನು ತುರುಕಿ "ಪಾಪು ಮಲಗಿದೆ" ಅಂದರೆ ತಿದ್ದಲು ಹೋಗಬೇಡಿ. ಮಡಚಿದ್ದು ಸೊಟ್ಟಗಾದರೂ ಅವಳ ಎದುರಿಗೆ ಬಿಚ್ಚಿ ಸರಿ ಮಾಡಬೇಡಿ, ಅದು ಮಾತ್ರ ಮಕ್ಕಳಿಗೆ ಸಿಕ್ಕಾಪಟ್ಟೆ ಬೇಜಾರು.

ಎದುರಿಗೆ ಕೂರಿಸಿಕೊಂಡು "ಇವತ್ತು ಏನ್ ಮಾಡಿದೆ?" ಅಂದರೆ "ಏನಿಲ್ಲ" ಅನ್ನುತ್ತಾರೆ. ಕೈಗೆ ಕೆಲಸ ಇದ್ದಾಗ ಮಾತು ತಾನಾಗೇ ಹೊರಗೆ ಬರುತ್ತದೆ. ನಮಗೂ ಹಾಗೇ ಅಲ್ವಾ?

ಮಲಗುವಾಗ ನಿನ್ನೆಯ ಕಥೆಯನ್ನೇ ಕೇಳಿದರೆ ಅದನ್ನೇ ಹೇಳಿ. ಮುಂದೇನು ಅಂತ ಗೊತ್ತಿರುವುದೇ ಅವರಿಗೆ ಖುಷಿ. ಒಂದೇ ಕಥೆ ಮತ್ತೆ ಮತ್ತೆ ಕೇಳಿದರೆ ಹೊಸ ಪದಗಳೂ ಚೆನ್ನಾಗಿ ತಲೆಗೆ ಹತ್ತುತ್ತವೆ. ನಡುವೆ ಬೇಕಂತಲೇ ಒಂದು ಸಾಲು ತಪ್ಪು ಹೇಳಿ ನೋಡಿ. ಅರ್ಧ ನಿದ್ದೆಯಲ್ಲಿದ್ದವಳು ಎದ್ದು ಕೂತು ನಿಮ್ಮನ್ನು ತಿದ್ದುತ್ತಾಳೆ!

ಫೋಟೋ, ವಿಡಿಯೋ ಗೋಜು ಬೇಡ. ಇನ್ನು ಜಾಸ್ತಿ ಸುಸ್ತಾದ ದಿನ ಬಟ್ಟೆ ರಾಶಿ ಅಲ್ಲೇ ಬಿದ್ದಿರಲಿ, ಇಬ್ಬರೂ ಅದರ ಪಕ್ಕದಲ್ಲಿ ಸುಮ್ನೆ ಉರುಳಿಕೊಳ್ಳಿ.